ಸೈಕಲ್ ತುಳಿದರೆ ಕಾಣುವ ಮಡಿಕೇರಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ ಮೊದಲನೇ ತಂಡದ ವಿದ್ಯಾರ್ಥಿ. ಡಿಪ್ಲೊಮಾ ಮುಗಿಸಿ ಲೋಕೋಪಯೋಗಿ ಇಲಾಖೆ ಸೇರಿದೆ. ರಸ್ತೆ, ಮೋರಿ, ತಡೆಗೋಡೆ ಇವುಗಳ ಜೊತೆಯಲ್ಲೇ ನನ್ನ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ಗೇರ್ ಇರುವ ಒಂದು ಸೈಕಲ್ ತೆಗೆದುಕೊಂಡೆ. ಈಗ ವಾರಕ್ಕೆ ನಾಲ್ಕು ದಿನ ತುಳಿಯುತ್ತೇನೆ. ಸಂಘಟಕರು ಬಂದು "ಸಾರ್, ನಿಮ್ಮ ಸೇವಾ ಅನುಭವದ ಬಗ್ಗೆ ಮಾತಾಡಿ" ಅಂದರು. ನಾನು ಸೈಕಲ್ ಬಗ್ಗೆ ಮಾತಾಡುತ್ತೇನೆ ಅಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ನನ್ನ ಮಟ್ಟಿಗೆ ಈ ಎರಡೂ ಒಂದೇ ವಿಷಯ. ಹೇಗೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ನಾವು ಓದುವಾಗ ಈ ಶಾಲೆಗೆ ಬರುತ್ತಿದ್ದದ್ದು ಎರಡೇ ಸೈಕಲ್. ಒಂದು ಗಣಿತದ ಮೇಷ್ಟ್ರದ್ದು, ಇನ್ನೊಂದು ಅಂಚೆಯವರದ್ದು. ಮೇಷ್ಟ್ರ ಸೈಕಲ್ಲನ್ನು ಮಧ್ಯಾಹ್ನ ಬಿಡುವಿನಲ್ಲಿ ಒರೆಸಿಕೊಡುವುದಕ್ಕೆ ನಮ್ಮಲ್ಲಿ ಪೈಪೋಟಿ. ಒರೆಸಿದವನಿಗೆ ಮೈದಾನದಲ್ಲಿ ಒಂದು ಸುತ್ತು ಒಳಪೆಡಲ್ ಹೊಡೆಯಲು ಅವಕಾಶ. ಆಗ ಊರಿನಲ್ಲಿ ಒಂದು ತಮಾಷೆ ಮಾತಿತ್ತು: ಕೊಡಗಿನಲ್ಲಿ ಸೈಕಲ್ ಇಟ್ಟುಕೊಂಡರೆ ಅರ್ಧ ದಾರಿ ನಾವು ಅದರ ಮೇಲೆ, ಇನ್ನರ್ಧ ದಾರಿ ಅದು ನಮ್ಮ ಮೇಲೆ. ಏರು ಬಂದರೆ ತಳ್ಳಲೇಬೇಕು.

ಯಾಕೆ ತಳ್ಳಬೇಕಾಗಿತ್ತು ಎಂಬುದನ್ನು ಮಕ್ಕಳು ಲೆಕ್ಕದಲ್ಲಿ ತಿಳಿದುಕೊಳ್ಳಬೇಕು. ಆ ಹಳೆಯ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನದಕ್ಕೆ 18. ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಹಿಂದಿನ ಗಾಲಿ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗುತ್ತದೆ. ಅಂದರೆ ಒಂದೊಂದು ತುಳಿತಕ್ಕೂ ಐದು ಮೀಟರಿಗಿಂತ ಹೆಚ್ಚು ದೂರ. ಸಮತಟ್ಟಾದ ಮೈಸೂರು, ಮಂಡ್ಯದ ಕಡೆ ಅದು ಚೆನ್ನ. ನಮ್ಮ ಏರಿನಲ್ಲಿ ಒಂದೇ ತುಳಿತಕ್ಕೆ ಅಷ್ಟು ದೂರ, ಅಷ್ಟು ಎತ್ತರ ಹತ್ತುವ ಶಕ್ತಿ ಯಾರ ಕಾಲಿನಲ್ಲೂ ಇಲ್ಲ. ಗೇರ್ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 34 ಹಲ್ಲಿಗೆ ಹಾಕಿಕೊಂಡರೆ ಒಂದು ತುಳಿತಕ್ಕೆ ಎರಡು ಮೀಟರ್ ಮಾತ್ರ ಹೋಗುತ್ತದೆ. ನಿಧಾನ, ಆದರೆ ಇಳಿಯಬೇಕಾಗಿಲ್ಲ. ಅರವತ್ತು ದಾಟಿದ ನನ್ನಂಥವನು ಮಡಿಕೇರಿ ಹತ್ತುವುದು ಇದರಿಂದಲೇ ಹೊರತು ಗಂಡಸ್ತನದಿಂದಲ್ಲ.

ಈಗ ಮಡಿಕೇರಿಯ ವಿಚಾರ. ಈ ಪಟ್ಟಣ ಸಮುದ್ರ ಮಟ್ಟದಿಂದ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿ, ಘಟ್ಟದ ನೆತ್ತಿಯ ಹತ್ತಿರ ಕೂತಿದೆ. ಇಲ್ಲಿ ಬಿದ್ದ ಮಳೆಯಲ್ಲಿ ಪಶ್ಚಿಮಕ್ಕೆ ಇಳಿದದ್ದು ಪಯಸ್ವಿನಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಕಾವೇರಿಯ ಪಾಲಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕುಶಾಲನಗರದಿಂದ ಬಂದರೂ ಏರು, ಸಂಪಾಜೆಯಿಂದ ಬಂದರೂ ಏರು. ಬಸ್ಸಿನಲ್ಲಿ ಕೂತವರಿಗೆ ಇದು ಕಿವಿ ಗುಂಯ್ ಎನ್ನುವಷ್ಟು ಮಾತ್ರ ತಿಳಿಯುತ್ತದೆ. ಸೈಕಲ್ ತುಳಿಯುವವನಿಗೆ ಮಂಡಿ ಹೇಳುತ್ತದೆ.

ಮೊದಲು ಪಟ್ಟಣದೊಳಗಿನ ಸುತ್ತು. ಇದಕ್ಕೆ ಬೆಳಿಗ್ಗೆ ಆರೂವರೆಗೆ ಹೊರಡಬೇಕು, ಅಂಗಡಿಗಳು ತೆರೆಯುವ ಮೊದಲು. ಕೋಟೆಯಿಂದ ಆರಂಭಿಸಿ. 1681ರಲ್ಲಿ ಮುದ್ದುರಾಜ ಈ ಊರನ್ನು ರಾಜಧಾನಿ ಮಾಡಿಕೊಂಡ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತು ಎನ್ನುತ್ತಾರೆ. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ, ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಒಳಗೆ ಅರಮನೆ, ನಿಜ ಗಾತ್ರದ ಎರಡು ಆನೆಗಳ ಮೂರ್ತಿ, ಮೂಲೆಯ ಹಳೆಯ ಇಗರ್ಜಿಯಲ್ಲಿ ಈಗ ವಸ್ತುಸಂಗ್ರಹಾಲಯ. ಅಲ್ಲಿಂದ ತಗ್ಗಿಗೆ ಇಳಿದರೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಎದುರಿಗೆ ಕೊಳ. ಕೋಟೆ ಗುಡ್ಡದ ಮೇಲೆ, ಕೊಳ ತಗ್ಗಿನಲ್ಲಿ. ಕಟ್ಟಿದವರಿಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿತ್ತು. ಈ ಮಾತನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

ದೇವಸ್ಥಾನದಿಂದ ಮೇಲೆ ಬಂದು ಪೇಟೆ ದಾಟಿದರೆ ರಾಜಾಸೀಟ್ ಉದ್ಯಾನ. ಹೂವಿನ ಮಡಿ, ಚಿಕ್ಕದೊಂದು ಮಂಟಪ, ಕೆಳಗೆ ಪಶ್ಚಿಮದ ಕಣಿವೆ. ಪ್ರವಾಸಿಗರು ಸೂರ್ಯ ಮುಳುಗುವುದನ್ನು ನೋಡಲು ಬರುತ್ತಾರೆ. ನಾನು ಹೇಳುವುದು, ಬೆಳಿಗ್ಗೆ ಬನ್ನಿ. ಕಣಿವೆ ತುಂಬ ಮಂಜು ಹಾಲಿನ ಹಾಗೆ ನಿಂತಿರುತ್ತದೆ, ಹೊತ್ತು ಏರಿದ ಹಾಗೆ ಒಂದೊಂದೇ ಗುಡ್ಡದ ತಲೆ ಹೊರಗೆ ಬರುತ್ತದೆ. ಅಲ್ಲಿಂದ ಹಿಂದಿರುಗಿ ಮಹದೇವಪೇಟೆಯ ಆಚೆ ಗದ್ದುಗೆಗೆ ಹತ್ತಿ. ಕೊಡಗಿನ ಅರಸರ ಸಮಾಧಿಗಳು ಅಲ್ಲಿವೆ. ಜನಜಂಗುಳಿ ಇಲ್ಲದ, ದೊಡ್ಡ ಹುಲ್ಲುಹಾಸಿನ ಜಾಗ. ಸಮಯವಿದ್ದರೆ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ 'ಸನ್ನಿಸೈಡ್' ಮನೆಯನ್ನೂ ನೋಡಿ. 2021ರ ಫೆಬ್ರವರಿಯಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಡೀ ಸುತ್ತು ಹತ್ತು ಕಿಲೋಮೀಟರ್ ಒಳಗೆ. ಆದರೆ ಒಂದು ಫರ್ಲಾಂಗೂ ಸಮತಟ್ಟಿಲ್ಲ.

ಎರಡನೆಯದು ಕಲಿಯುವವರ ದಾರಿ, ಗಾಳಿಬೀಡು ರಸ್ತೆ. ವಾಹನ ಕಡಿಮೆ, ಏರಿಳಿತ ಸಣ್ಣದು, ನವೋದಯ ವಿದ್ಯಾಲಯ ಇರುವುದು ಆ ಊರಿನಲ್ಲಿಯೇ. ಅಬ್ಬಿ ಜಲಪಾತದ ರಸ್ತೆಯೂ ಪಟ್ಟಣದಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಆದರೆ ಅದು ಇಕ್ಕಟ್ಟು. ಶನಿವಾರ, ಭಾನುವಾರ ಹೊರಗಿನ ಕಾರುಗಳು, ಬಾಡಿಗೆ ಜೀಪುಗಳು ಸಾಲುಗಟ್ಟುತ್ತವೆ. ಆ ಎರಡು ದಿನ ಸೈಕಲ್ ತೆಗೆದುಕೊಂಡು ಅತ್ತ ಹೋಗಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಮೂರನೆಯದು ನನಗೆ ತುಂಬ ಇಷ್ಟದ ದಾರಿ, ಚೆಟ್ಟಳ್ಳಿ ಕಡೆಯದು. ಇಕ್ಕೆಲಗಳಲ್ಲಿ ಕಾಫಿ ತೋಟ, ಮೇಲೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟಾಗ ಈ ರಸ್ತೆಯಲ್ಲಿ ಹೋಗಬೇಕು. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಆ ವಾಸನೆ ದಕ್ಕುವುದಿಲ್ಲ. ಒಂದು ಎಚ್ಚರಿಕೆ: ಚೆಟ್ಟಳ್ಳಿಯಿಂದ ಸಿದ್ದಾಪುರದ ಕಡೆಗೆ ತೋಟಗಳಲ್ಲಿ ಆನೆ ಇರುತ್ತವೆ. ಬೆಳಕು ಹರಿಯುವ ಮೊದಲು, ಸಂಜೆ ಐದೂವರೆಯ ಮೇಲೆ ಹೋಗಕೂಡದು. ದಾರಿಯಲ್ಲಿ ಲದ್ದಿ ಹಸಿಯಾಗಿ ಕಂಡರೆ ವಾಪಸ್ ತಿರುಗಿ. ಆನೆಯ ಎದುರು ಸೈಕಲ್ಲಿನವನ ಶೌರ್ಯ ನಡೆಯುವುದಿಲ್ಲ.

ನಾಲ್ಕನೆಯದು ಕುಶಾಲನಗರದ ಹೆದ್ದಾರಿ. ಸುಂಟಿಕೊಪ್ಪ ದಾಟಿ ಆನೆಕಾಡು ಅರಣ್ಯದ ನಡುವೆ ಹೋಗುತ್ತದೆ. ಒಟ್ಟು ಮೂವತ್ತು ಕಿಲೋಮೀಟರ್ ಆಸುಪಾಸು. ಹೋಗುವಾಗ ಬಹುಪಾಲು ಇಳಿತ, ಬರುವಾಗ ಬಹುಪಾಲು ಏರು. ಹೊಸಬರು ಇಲ್ಲೇ ಮೋಸ ಹೋಗುವುದು. ಇಳಿಯುವಾಗಿನ ಹುಮ್ಮಸ್ಸಿನಲ್ಲಿ ದೂರ ಹೋಗಿಬಿಡುತ್ತಾರೆ, ಹಿಂದಿರುಗಲು ಕಾಲಿನಲ್ಲಿ ಕಸುವಿರುವುದಿಲ್ಲ. ಮಡಿಕೇರಿಯಿಂದ ಹೊರಡುವವರಿಗೆ ನಾನು ಹೇಳುವ ನಿಯಮ ಒಂದೇ: ಇಳಿದಷ್ಟನ್ನೂ ಹತ್ತಬೇಕು ಎಂದು ಲೆಕ್ಕ ಇಟ್ಟುಕೊಂಡೇ ಇಳಿಯಿರಿ.

ಐದನೆಯದು ಭಾಗಮಂಡಲ, ತಲಕಾವೇರಿ. ಚೇರಂಬಾಣೆಯ ಮೇಲೆ ಹೋಗುವ ದಾರಿ, ಭಾಗಮಂಡಲಕ್ಕೆ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗ. ಅಲ್ಲಿಂದ ತಲಕಾವೇರಿಗೆ ಎಂಟು ಕಿಲೋಮೀಟರ್, ಮುನ್ನೂರ ಎಂಬತ್ತು ಮೀಟರಿನಷ್ಟು ಏರು. ನೂರು ಮೀಟರ್ ಮುಂದೆ ಹೋದರೆ ಸುಮಾರು ಐದು ಮೀಟರ್ ಮೇಲೆ ಹೋದಂತೆ. ಹತ್ತನೇ ತರಗತಿಯ ಮಕ್ಕಳು ಈ ಲೆಕ್ಕ ಮಾಡಿ ನೋಡಿ: ಸವಾರ, ಸೈಕಲ್ ಸೇರಿ ತೂಕ 85 ಕಿಲೋ. ಇದನ್ನು 380 ಮೀಟರ್ ಎತ್ತಲು ಬೇಕಾದ ಕೆಲಸ 85 ಗುಣಿಸು 9.8 ಗುಣಿಸು 380, ಅಂದರೆ ಮೂರು ಲಕ್ಷದ ಹದಿನಾರು ಸಾವಿರ ಜೂಲ್‌ಗಿಂತ ಸ್ವಲ್ಪ ಹೆಚ್ಚು. ಅಭ್ಯಾಸವಿರುವ ಸಾಧಾರಣ ಮನುಷ್ಯನ ಕಾಲು ನೂರು ವಾಟ್ ಶಕ್ತಿಯನ್ನು ಬಹಳ ಹೊತ್ತು ಕೊಡಬಲ್ಲದು. ಭಾಗಿಸಿದರೆ ಐವತ್ತಮೂರು ನಿಮಿಷ ಬರುತ್ತದೆ. ಗಾಳಿ, ಟಯರಿನ ಘರ್ಷಣೆ ಸೇರಿದರೆ ಒಂದು ಗಂಟೆ. ನನಗೆ ಹಿಡಿಯುವುದು ಒಂದು ಗಂಟೆ ಹತ್ತು ನಿಮಿಷ. ಆ ಹತ್ತು ನಿಮಿಷ ನೀರು ಕುಡಿಯುವುದಕ್ಕೆ ಮತ್ತು ಬ್ರಹ್ಮಗಿರಿಯನ್ನು ನೋಡುವುದಕ್ಕೆ. ನಾವು ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸೂತ್ರ ನಮ್ಮದೇ ಕಾಲಿನಲ್ಲಿ ಸರಿ ಬರುವುದನ್ನು ನೋಡುವ ಸಂತೋಷವೇ ಬೇರೆ.

ಆರನೆಯ ದಾರಿ ಸಂಪಾಜೆ ಘಾಟಿ. ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು ದಾಟಿ ಇಳಿಯುತ್ತದೆ. ಇಪ್ಪತ್ತೈದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ದೂರದಲ್ಲಿ ಒಂಬೈನೂರು ಮೀಟರಿಗೂ ಹೆಚ್ಚು ಇಳಿತ. ಚಳಿಯಿಂದ ಸೆಕೆಗೆ, ಕಾಫಿಯಿಂದ ಅಡಿಕೆಗೆ ಒಂದೇ ಗಂಟೆಯಲ್ಲಿ ಹೋಗಿ ತಲುಪುತ್ತೀರಿ. ಲಾರಿ, ಬಸ್ಸು ಹೆಚ್ಚು, ಇದು ಶಾಲಾ ಮಕ್ಕಳ ದಾರಿ ಅಲ್ಲ. ದೊಡ್ಡವರು ಹೋಗುವುದಾದರೆ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬಾರದು, ರಿಮ್ಮು ಕಾದುಹೋಗುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕು ಹಿಡಿದು ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕು ಬಿಡಿ. ಮಂಜಿದ್ದರೆ ಹಗಲಲ್ಲೂ ಹಿಂದೆ ಕೆಂಪು ದೀಪ ಇರಲಿ. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ಇಳಿಯುತ್ತಿರುವವನು ದಾರಿ ಬಿಡಬೇಕು ಎಂಬುದು ನಿಯಮ. ಜೀಪಿನವರಿಗೂ ಅದು ಅನ್ವಯಿಸುತ್ತದೆ, ನೆನಪು ಮಾಡಿಕೊಡಿ.

ಇನ್ನು ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ.

ಜೋಡುಪಾಲ ಎಂದಾಗ ಸಭೆಯಲ್ಲಿ ಕೆಲವರು ತಲೆ ತಗ್ಗಿಸಿದ್ದನ್ನು ನೋಡಿದೆ. 2018ರ ಆಗಸ್ಟ್ ತಿಂಗಳ ನಡುಭಾಗ ಯಾರಿಗೂ ಮರೆತಿಲ್ಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು. ಈ ಸಭೆಯಲ್ಲಿರುವ ಎಷ್ಟೋ ಮನೆಗಳ ನೆಂಟರು ಆ ಊರುಗಳಲ್ಲಿದ್ದರು. ಆಗ ನಾನು ಕೆಲಸದಲ್ಲಿದ್ದೆ. ಮಂಗಳೂರು ರಸ್ತೆ ವಾರಗಟ್ಟಲೆ ಮುಚ್ಚಿತು. ಎರಡು ವರ್ಷ ಕಳೆದು 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ, ಅರ್ಚಕರ ಮನೆ ಮಣ್ಣಿನಡಿ ಸೇರಿ ಐದು ಜೀವ ಹೋಯಿತು. ಇವತ್ತು ನಾನು ತಲಕಾವೇರಿಗೆ ಹತ್ತುವಾಗ ಆ ಗುಡ್ಡದ ಗಾಯವನ್ನು ನೋಡದೆ ಹತ್ತಲು ಆಗುವುದಿಲ್ಲ.

ಬೆಟ್ಟ ಯಾಕೆ ಜಾರುತ್ತದೆ? ಅತಿಯಾದ ಮಳೆ ಮೊದಲ ಕಾರಣ. ಮಣ್ಣು ನೀರು ಕುಡಿದು ಭಾರವಾಗುತ್ತದೆ, ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಿ ಹಿಡಿತ ಸಡಿಲವಾಗುತ್ತದೆ. ಆದರೆ ಮಳೆಯ ಜೊತೆಗೆ ನಾವೂ ಕೈ ಸೇರಿಸುತ್ತೇವೆ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಗುಡ್ಡದ ಬುಡವನ್ನು ನೇರ ಕಡಿದು ಬರೆ ಮಾಡುತ್ತೇವೆ. ನೀರಿನ ಹಳೆಯ ದಾರಿಗೆ ಅಡ್ಡವಾಗಿ ಮಣ್ಣು ತುಂಬುತ್ತೇವೆ. ಮೋರಿಯ ಬಾಯಿಗೆ ಪ್ಲಾಸ್ಟಿಕ್, ತೋಟದ ಕಸ, ಕಡಿದ ಕೊಂಬೆ ಹಾಕುತ್ತೇವೆ. ಮೋರಿ ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆ ಹರಿಯುತ್ತದೆ, ಕೆಳಬದಿಯ ಅಂಚನ್ನು ಕೊರೆಯುತ್ತದೆ, ಕೆಳಗೆ ಮನೆಯಿದ್ದರೆ ಅದರ ಹಿಂದಿನ ಬರೆಗೆ ಇಳಿಯುತ್ತದೆ.

ಮೋರಿಗಳೆಲ್ಲ ತೆರೆದಿದ್ದರೆ 2018 ಆಗುತ್ತಲೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಳ್ಳು. ಅಂಥ ಮಳೆಗೆ ಮನುಷ್ಯನ ಮೋರಿ ಯಾವ ಲೆಕ್ಕ? ಆದರೆ ಪ್ರತಿ ವರ್ಷ ಜೂನ್, ಜುಲೈಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಕುಸಿಯುವ ಬರೆ, ಕೊಚ್ಚಿಹೋಗುವ ರಸ್ತೆಯ ಅಂಚು, ಇವುಗಳಲ್ಲಿ ಎಷ್ಟನ್ನೋ ಒಂದು ಗುದ್ದಲಿ, ಎರಡು ಆಳು, ಅರ್ಧ ದಿನದ ಕೆಲಸ ತಪ್ಪಿಸುತ್ತದೆ. ಇದು ನನ್ನ ನೌಕರಿಯ ಅನುಭವ.

ಹಿಂದೆ ರಸ್ತೆಗೆ ಗ್ಯಾಂಗ್‌ನವರು ಇರುತ್ತಿದ್ದರು. ಇಷ್ಟು ಮೈಲಿಗೆ ಇಷ್ಟು ಜನ ಎಂದು. ಅವರು ನಡೆದುಕೊಂಡೇ ಹೋಗುತ್ತಿದ್ದರು, ಆದ್ದರಿಂದ ಪ್ರತಿ ಮೋರಿಯ ಹೆಸರೂ ಕುಲವೂ ಅವರಿಗೆ ಗೊತ್ತಿತ್ತು. ನನಗೆ ರಸ್ತೆಯ ಪಾಠ ಕಲಿಸಿದವರು ಅವರು. ಈಗ ಆ ಗ್ಯಾಂಗ್‌ಗಳು ಕರಗಿಹೋಗಿವೆ. ನೋಡುವವರೆಲ್ಲ ವಾಹನದಲ್ಲಿ ಬಂದು ನೋಡುತ್ತಾರೆ. ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಗುಂಡಿ ಕಾಣುತ್ತದೆ, ಮೋರಿ ಕಾಣುವುದಿಲ್ಲ. ಒಂಬತ್ತು ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಾ ಹತ್ತುವವನಿಗೆ ಎಲ್ಲವೂ ಕಾಣುತ್ತದೆ. ಬರೆಯ ಮೇಲೆ ಓರೆಯಾದ ಮರ, ಹೋದ ವಾರ ಇಲ್ಲದ ಬಿರುಕು, ಒಣಗಿರಬೇಕಾದ ತಿಂಗಳಲ್ಲೂ ಜಿನುಗುವ ನೀರು. ಸೈಕಲ್ ಮತ್ತು ನನ್ನ ನೌಕರಿ ಒಂದೇ ವಿಷಯ ಎಂದು ಮೊದಲು ಹೇಳಿದ್ದು ಇದಕ್ಕೇ.

ಹೋದ ತಿಂಗಳು ನಾನು ನಮ್ಮೂರಿನಿಂದ ಮಡಿಕೇರಿಗೆ ಹೋಗುವಾಗ ಒಂದು ಸಣ್ಣ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಎಣಿಸಿದೆ. ಹದಿನಾಲ್ಕು ಕಿಲೋಮೀಟರಿಗೆ ಮೂವತ್ತೊಂದು ಮೋರಿ. ಅವುಗಳಲ್ಲಿ ಒಂಬತ್ತು ಪೂರ್ತಿ ಕಟ್ಟಿಕೊಂಡಿವೆ. ಒಂಬತ್ತರಲ್ಲಿ ಎರಡರ ಕೆಳಗೆ ಮನೆಗಳಿವೆ. ಒಂದು ಲೈನ್‌ಮನೆ, ಒಂದು ಅಂಗನವಾಡಿಯ ಹಿತ್ತಿಲು. ಈ ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟಿದ್ದೇನೆ, ಒಂದು ಪ್ರತಿಯನ್ನು ಇವತ್ತು ಮುಖ್ಯೋಪಾಧ್ಯಾಯರಿಗೆ ಕೊಡುತ್ತಿದ್ದೇನೆ.

ಈಗ ನನ್ನ ಕೋರಿಕೆ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡೋಣ ಎಂದು ನಿನ್ನೆ ಚರ್ಚೆಯಾಯಿತು. ಕಮಾನು, ಧ್ವಜಕಟ್ಟೆ ಎಲ್ಲ ಬಂತು. ಆಗಲಿ. ಅದರ ಜೊತೆಗೆ ಗೇರ್ ಇರುವ ಆರು ಸೈಕಲ್, ಆರು ಹೆಲ್ಮೆಟ್, ಒಂದು ಪಂಕ್ಚರ್ ಪೆಟ್ಟಿಗೆ ಕೊಡೋಣ. ಒಂದು ಸೈಕಲ್ಲಿನ ಹಣ ನನ್ನದು. ಒಂಬತ್ತನೇ ತರಗತಿಯ ಮಕ್ಕಳು ಮೇ ಕೊನೆಗೆ ಮೊದಲ ಸಲ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಎರಡನೇ ಸಲ, ದೈಹಿಕ ಶಿಕ್ಷಕರ ಜೊತೆ ಈ ದಾರಿಯಲ್ಲಿ ಹೋಗಿ ಮೋರಿ ಎಣಿಸಿ ಬರೆದುಕೊಂಡು ಬರಲಿ. ಭೂಗೋಳವೂ ಆಯಿತು, ಗಣಿತವೂ ಆಯಿತು. ಮಕ್ಕಳು ಮೋರಿಗೆ ಇಳಿಯಕೂಡದು, ಬರೆಯ ಬುಡದಲ್ಲಿ ನಿಲ್ಲಕೂಡದು, ಮಳೆಯ ದಿನ ಹೋಗಲೇಕೂಡದು. ಅವರ ಕೆಲಸ ನೋಡುವುದು, ಬರೆಯುವುದು. ಗುದ್ದಲಿ ಹಿಡಿಯುವ ಕೆಲಸ ನಮ್ಮದು, ದೊಡ್ಡವರದ್ದು. ಪಟ್ಟಿ ಕೈಗೆ ಬಂದ ಮೇಲೆ ನಾವು ಸುಮ್ಮನಿದ್ದರೆ ಅದು ನಾಚಿಕೆಗೇಡು.

ತಾಯಂದಿರಿಗೆ ಒಂದು ಮಾತು. "ಹೆಣ್ಣುಮಕ್ಕಳನ್ನು ಈ ರಸ್ತೆಯಲ್ಲಿ ಸೈಕಲ್ ಮೇಲೆ ಹೇಗೆ ಕಳಿಸುವುದು ಅಣ್ಣಾ?" ಎಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಒಬ್ಬರು ಕೇಳಿದರು. ಅವರ ಭಯ ಸುಳ್ಳಲ್ಲ. ರಜಾ ದಿನಗಳಲ್ಲಿ ಹೊರಗಿನ ಕಾರುಗಳು ಬರುವ ವೇಗವನ್ನು ನಾನೂ ನೋಡುತ್ತೇನೆ. ಆದ್ದರಿಂದಲೇ ಹೇಳುತ್ತಿದ್ದೇನೆ, ವಾರದ ದಿನ, ಬೆಳಿಗ್ಗೆ, ಗುಂಪಿನಲ್ಲಿ, ಮುಂದೆ ಒಬ್ಬರು ಹಿಂದೆ ಒಬ್ಬರು ದೊಡ್ಡವರಿದ್ದು ಹೋಗಬೇಕು. ಆದರೆ ಭಯವೆಂದು ನಮ್ಮ ಮಕ್ಕಳನ್ನು ರಸ್ತೆಯಿಂದ ಪೂರ್ತಿ ತೆಗೆದುಬಿಟ್ಟರೆ, ಆ ರಸ್ತೆ ಎರಡು ದಿನಕ್ಕೆ ಬಂದು ಹೋಗುವವರದ್ದೇ ಆಗುತ್ತದೆ. ಅವರಿಗೆ ಮೋರಿಯ ಚಿಂತೆ ಇರುವುದಿಲ್ಲ. ಅದರ ಕೆಳಗಿನ ಮನೆ ಅವರದ್ದಲ್ಲ.

ಇನ್ನು ಐದು ತಿಂಗಳಿಗೆ ಮಳೆಗಾಲ. ಒಂಬತ್ತು ಮೋರಿಗೆ ಐದು ತಿಂಗಳು ಧಾರಾಳ. ಊಟಕ್ಕೆ ಏಳುವ ಮೊದಲು, ಬರುವ ಭಾನುವಾರ ಗುದ್ದಲಿ ಹಿಡಿದು ಬರುವವರು ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಅಂಗನವಾಡಿಯ ಹಿಂದಿನ ಮೋರಿಯಿಂದ ಆರಂಭಿಸೋಣ. ಬೆಳಿಗ್ಗೆ ಏಳಕ್ಕೆ ನಾನು ಅಲ್ಲಿರುತ್ತೇನೆ.